ತಿರುಗಿಸದೆ ಬಿಟ್ಟ ಸೀಟು

ಗೆಳತಿ ಒಡೀಲ್ ಫೊಂಟೆನೆಟ್ ತೀರಿಕೊಂಡು ಹನ್ನೊಂದು ದಿನವಾಯಿತು. ಬ್ಯಾಂಡಿನವರ ಹಿಂದೆ ಕೊಡೆ ಕುಣಿಸುತ್ತಾ ಅವಳನ್ನು ಕಳಿಸಿಕೊಟ್ಟೆವು. ನಮ್ಮ ನ್ಯೂ ಆರ್ಲಿಯನ್ಸಿನಲ್ಲಿ ಸುಮ್ಮನೆ ಅತ್ತು ಕಳಿಸಿದ್ದರೆ ಅವಳೇ ಎದ್ದು ಬಂದು ಬೈಯುತ್ತಿದ್ದಳು.

ಮೂವತ್ತೊಂದು ವರ್ಷ ಅವಳು ಪೇಟೆಯ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿದಳು. ದಿನವಿಡೀ ನಿಂತೇ ಕೆಲಸ. ಸಂಜೆ ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂತರೆ ಕಾಲಿಗೆ ಜೀವ ಬರುತ್ತಿತ್ತು. ಆದರೆ ನಮ್ಮ ಕೇರಿಗೆ ಇನ್ನೂ ಹದಿನಾಲ್ಕು ಬೀದಿ ಇರುವಾಗಲೇ ಹಳಿ ಮುಗಿದುಹೋಗುತ್ತಿತ್ತು. ಉಳಿದ ದಾರಿಗೆ ಊದಿದ ಕಾಲೇ ಗತಿ. ನನ್ನದು ಗ್ರಂಥಾಲಯದಲ್ಲಿ ಕೂತು ಮಾಡುವ ಕೆಲಸ. ಹಾಗಾಗಿ ಅವಳ ಚೀಲ ನನ್ನ ಹೆಗಲಿಗೆ.

ನಮ್ಮ ಟ್ರಾಮಿಗೆ ಎರಡೂ ತುದಿಯಲ್ಲಿ ಮುಖ. ಕೊನೆಯ ನಿಲ್ದಾಣದಲ್ಲಿ ಚಾಲಕ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಮರದ ಸೀಟುಗಳ ಬೆನ್ನೊರಗನ್ನು ಫಟ್ ಫಟ್ ಎಂದು ಆಚೆ ಬದಿಗೆ ಬೀಳಿಸುತ್ತಾನೆ. ಸೀಟುಗಳೆಲ್ಲ ಪೇಟೆಯ ಕಡೆ ಮುಖ ಮಾಡುತ್ತವೆ. ಒಂದು ಸೋಮವಾರ ಚಾಲಕ ಅಲ್ಸೀಡ್ ಹೀಗೇ ಬಂದಾಗ ಒಡೀಲ್ ತನ್ನ ಸೀಟಿಗೆ ಕೈ ಅಡ್ಡ ಹಿಡಿದಳು.

“ಇದೊಂದನ್ನ ಮುಟ್ಬೇಡ ಮಗೂ.”

“ಯಾಕೆ ಮಿಸ್ ಒಡೀಲ್? ಕೊನೇ ಸ್ಟಾಪ್ ಬಂತಲ್ಲ!”

“ನಿಂಗೆ ಬಂತು. ನಂಗಿನ್ನೂ ಹದಿನಾಲ್ಕು ಬೀದಿ ಇದೆ. ನನ್ ಸೀಟು ಮನೆ ಕಡೇನೇ ನೋಡ್ತಿರ್ಲಿ.”

“ಮೇಲಿನೋರು ನನ್ ಕಿವಿ ಹಿಂಡ್ತಾರೆ.”

“ಹಿಂಡ್ಲಿ ಬಿಡು, ಬೇಕಾದಷ್ಟು ದೊಡ್ಡದಿದೆ ನಿನ್ ಕಿವಿ.”

ಅಲ್ಸೀಡ್ ನಕ್ಕು ಬಿಟ್ಟುಬಿಟ್ಟ. ಮರುದಿನವೂ ಬಿಟ್ಟ. ಆಮೇಲೆ ಅದೇ ರೂಢಿಯಾಯಿತು. ವಾಪಸ್ ದಾರಿಯಲ್ಲಿ ಆ ಸೀಟಿನವರು ಮಂಡಿಗೆ ಮಂಡಿ ತಾಗಿಸಿಕೊಂಡು ಅಪರಿಚಿತರ ಎದುರು ಕೂರಬೇಕು. ಎದುರುಬದುರು ಕೂತ ಮೇಲೆ ಮಾತಾಡದೆ ಇರುವ ಜನವೇ ನಾವು? “ಈ ಸೀಟು ಯಾಕ್ರೀ ಉಲ್ಟಾ?” ಎಂದು ಕೇಳುತ್ತಿದ್ದರು. ಅಲ್ಸೀಡ್ ಹೇಳುತ್ತಿದ್ದ. ಹಳಿ ಮುಂದಕ್ಕೆ ಬೇಕೆಂದು ನಾನು ಬರೆದ ಅರ್ಜಿಗೆ ಕೇರಿಯವರ ಸಹಿ ನೂರೂ ದಾಟಿರಲಿಲ್ಲ. ಈಗ ಅದನ್ನು ಟ್ರಾಮಿನಲ್ಲೇ ಇಟ್ಟಾಗ ನಮ್ಮ ಕೇರಿಯನ್ನು ಕಂಡೇ ಇಲ್ಲದವರು ಪೆನ್ನು ಕೇಳಿ ಸಹಿ ಹಾಕತೊಡಗಿದರು.

ಅಷ್ಟಾದರೂ ಆರು ವರ್ಷ ಹಿಡಿಯಿತು. ಹೊಸ ಹಳಿಯ ಮೇಲೆ ಮೊದಲ ಟ್ರಾಮ್ ಬಂದ ದಿನ ನಿಲ್ಲಲೂ ಜಾಗವಿರಲಿಲ್ಲ. ಹೊಸ ಕೊನೆಯ ನಿಲ್ದಾಣವಾದ ನಮ್ಮ ಚರ್ಚಿನ ಮೂಲೆಯಲ್ಲಿ ಅಲ್ಸೀಡ್ ಉಳಿದ ಸೀಟುಗಳನ್ನೆಲ್ಲ ತಿರುಗಿಸಿ ಅವಳ ಮುಂದೆ ನಿಂತ.

“ಈಗಲಾದ್ರೂ ಏಳ್ತೀರಾ?”

ಒಡೀಲ್ ಎದ್ದು ಎರಡೂ ಕೈಯಿಂದ ಒರಗನ್ನು ಬೀಳಿಸಿದಳು. ಫಟ್! “ಈಗ ಬಂತಪ್ಪ ಕೊನೇ ಸ್ಟಾಪ್,” ಎಂದಳು. ಅಲ್ಲಿಂದ ಮನೆಗೆ ನಲವತ್ತು ಹೆಜ್ಜೆ. ಅವತ್ತು ಕೆಂಪು ಬೀನ್ಸ್ ಕಾಳು ಬೇಯಲು ಇಟ್ಟು, ಕಾಲಲ್ಲಿ ಉಳಿದ ಶಕ್ತಿಯಲ್ಲಿ ಅಡುಗೆಮನೆಯಲ್ಲೇ ಕುಣಿದಳು.

ನಿನ್ನೆ ನಾನೊಬ್ಬಳೇ ಬಂದೆ. ಚರ್ಚಿನ ಮೂಲೆಯಲ್ಲಿ ಅಲ್ಸೀಡ್ ಅವಳ ಸೀಟೊಂದನ್ನೇ ಉಳಿಸಿ, “ನೀವೇ ತಿರುಗ್ಸಿ, ಮಿಸ್ ವರ್ನಾ,” ಎಂದ. ಒರಗಿನ ಮೇಲೆ ಕೈ ಇಟ್ಟೆ. ಎರಡು ಚೀಲ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು.

“ಅದನ್ನ ಹಾಗೇ ಬಿಡಿ ಅಕ್ಕಾ. ನಂಗಿನ್ನೂ ಒಂಬತ್ತು ಬೀದಿ ಇದೆ.”

ಹನ್ನೊಂದು ದಿನದಲ್ಲಿ ಮೊದಲ ಸಲ ನಕ್ಕೆ. ಕೈ ತೆಗೆದೆ.