ದಾಸಣ್ಣನ ಬಿಳಿ ಚಡ್ಡಿ

ನನಗೆ ಫುಟ್‌ಬಾಲ್ ಆಡಲು ಬರುವುದಿಲ್ಲ. ನೋಡಲು ಮಾತ್ರ ಚೆನ್ನಾಗಿ ಬರುತ್ತದೆ ಎಂಬ ಜಂಬ ಬಹಳ ಕಾಲ ಇತ್ತು. ಆ ಜಂಬ ಇಳಿದದ್ದು ಜೋಗುಪಾಳ್ಯದ ನಮ್ಮ ವಠಾರದಲ್ಲಿ, ಒಗೆಯುವ ಕಲ್ಲಿನ ಮೇಲೆ ಬಿದ್ದಿದ್ದ ಒಂದು ಚಡ್ಡಿಯ ಮುಂದೆ.

ಚಡ್ಡಿ ಆರೋಗ್ಯದಾಸನದು. ತೊಂಬತ್ತರ ದಶಕದಲ್ಲಿ ಹಲಸೂರು, ಶಿವಾಜಿನಗರದ ಕಡೆ ದಾಸಣ್ಣ ಎಂದರೆ ಸಾಕು, ಯಾವ ದಾಸಣ್ಣ ಎಂದು ಯಾರೂ ಕೇಳುತ್ತಿರಲಿಲ್ಲ. ಒಂದು ಕಾರ್ಖಾನೆ ತಂಡದಲ್ಲಿ ಅವನು ಸ್ಟಾಪರ್. ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವನು. ಸಾಲದ್ದಕ್ಕೆ ನನ್ನ ಪಕ್ಕದ ಮನೆಯವನು. ಅವನ ಕೀರ್ತಿಯಲ್ಲಿ ಒಂದಿಷ್ಟು ನಡುಗೋಡೆ ದಾಟಿ ನನಗೂ ಬರುತ್ತಿತ್ತು.

ಮೈದಾನದಲ್ಲಿ ಜನ ಗೋಲು ಬೀಳಬಹುದಾದ ಕಡೆ ಕೂರುತ್ತಾರೆ. ನಾನೂ, ಶಿವಾಜಿನಗರದಲ್ಲಿ ಸೈಕಲ್ ಬಿಡಿಭಾಗದ ಅಂಗಡಿಯಿಟ್ಟಿದ್ದ ಗೆಳೆಯ ಇಲಿಯಾಸನೂ ಮಾತ್ರ ದಾಸಣ್ಣನ ಬೆನ್ನಿಗೆ, ನಮ್ಮದೇ ಗೋಲಿನ ಹಿಂದೆ ಕೂರುತ್ತಿದ್ದೆವು. ಹಾಫ್‌ಟೈಮಿನಲ್ಲಿ ತಂಡಗಳು ಕಡೆ ಬದಲಿಸಿದಾಗ ನಾವೂ ಕಡಲೆಕಾಯಿ ಪೊಟ್ಟಣ ಹಿಡಿದು ಮೈದಾನ ಸುತ್ತಿ ಆ ತುದಿಗೆ ಹೋಗುತ್ತಿದ್ದೆವು.

"ಇವ್ನು ಓಡೋದೇ ಇಲ್ವಲ್ಲ ಗುರು, ಬಾಲೇ ಇವ್ನ ಹತ್ರ ಬರುತ್ತೆ" ಎಂದು ಇಲಿಯಾಸ್ ಬೆರಗಾಗುತ್ತಿದ್ದ. ನಿಜ. ದಾಸಣ್ಣ ಸುಮ್ಮನೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿಯುವನು. ನುಗ್ಗಿ ಬಂದವನು ದಾರಿ ಮುಚ್ಚಿಹೋಗಿ ಚೆಂಡನ್ನು ಹಿಂದಕ್ಕೆ ಒದೆಯುವನು. ಅಷ್ಟೇ.

ಒಂದು ಸೀಸನ್ನಿನಲ್ಲಿ ಆಟವೇ ಬದಲಾಯಿತು. ದಾಸಣ್ಣ ದೂರದಿಂದ ಓಡಿ ಬಂದು, ಕೆಮ್ಮಣ್ಣಿನಲ್ಲಿ ಜಾರಿ, ಕಾಲು ಚಾಚಿ ಕೊನೆಯ ಗಳಿಗೆಯಲ್ಲಿ ಚೆಂಡು ಕಸಿಯತೊಡಗಿದ. ಮೈದಾನವೆಲ್ಲ ಎದ್ದು ನಿಂತು ಕೂಗುತ್ತಿತ್ತು. ನಾವೂ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆವು. ಇವನಿಗೆ ಯೌವನ ಮರಳಿ ಬಂದಿದೆ ಎಂದು ನಾನು ಆಫೀಸಿನಲ್ಲೆಲ್ಲ ಸಾರಿದೆ.

ಒಂದು ಸೋಮವಾರ ನಲ್ಲಿಯ ಹತ್ತಿರ ಅವನ ಹೆಂಡತಿ ಸ್ಟೆಲ್ಲಾ ಸಿಕ್ಕರು. "ದಾಸಣ್ಣ ಈಗ ಒಳ್ಳೇ ಫಾರ್ಮಲ್ಲಿದ್ದಾರೆ" ಎಂದೆ. ಆಕೆ ಬ್ರಷ್ ನಿಲ್ಲಿಸಿ ಕೆಂಪಾದ ಚಡ್ಡಿಯನ್ನು ಎತ್ತಿ ತೋರಿಸಿದರು.

"ಏನ್ ಫಾರ್ಮೋ ಸಾರ್! ಮೊದ್ಲೆಲ್ಲ ಮ್ಯಾಚ್ ಮುಗಿಸ್ಕೊಂಡ್ ಬಂದ್ರೂ ಚಡ್ಡಿ ಬೆಳ್ಳಗೇ ಇರೋದು, ಸ್ವಲ್ಪ ನೀಲಿ ಹಾಕಿದ್ರೆ ಸಾಕಿತ್ತು. ಟೈಮಿಗೆ ಸರ್ಯಾಗಿ ಹೋಗಿ ನಿಂತ್ಕೊಂಡಿದ್ರೆ ಯಾಕ್ ಬೀಳ್ಬೇಕು? ಮಂಡಿ ಊದ್ಕೊಂಡಿದೆ. ಇನ್ನೊಂದ್ಸಲ ಹಿಂಗೇ ಬಿದ್ರೆ ಕಾಲೇ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ಇವ್ರು ಕೇಳಲ್ಲ. ಜನ ಚಪ್ಪಾಳೆ ಹೊಡೀತಿದ್ದಾರೆ, ಇನ್ನೂ ಆಡ್ಬೋದು ಅಂತಾರೆ."

ಆ ಚಪ್ಪಾಳೆಯಲ್ಲಿ ನನ್ನದೂ ಇತ್ತು. ನನಗೆ ನಿಜವಾಗಿ ಸಂಕಟವಾಯಿತು. ಸಂಕಟದ ಜೊತೆಗೆ ಕುತೂಹಲವೂ. ಗೋಲು ಹೊಡೆಯುವವನ ಇಳಿಗಾಲ ಗೋಲು ನಿಂತಾಗ ಗೊತ್ತಾಗುತ್ತದೆ. ಹಾಡುವವರದು ತಾರಸ್ಥಾಯಿಯಲ್ಲಿ, ಅಡುಗೆಯವರದು ಉಪ್ಪಿನಲ್ಲಿ. ಆದರೆ ಏನೂ ಆಗದಂತೆ ನೋಡಿಕೊಳ್ಳುವುದೇ ಕಸುಬಾದವನದು? ಅವನು ಸೋಲತೊಡಗಿದಾಗಲೇ ನಮ್ಮ ಕಣ್ಣಿಗೆ ಬೀಳುವುದು. ನಮ್ಮ ಆಫೀಸೇ ನೋಡಿ: ಕೆಲಸವನ್ನು ಹೊತ್ತಿಗೆ ಮುಗಿಸಿದವನ ಹೆಸರು ಯಾರಿಗೂ ನೆನಪಿಲ್ಲ. ಕಡೆಯ ದಿನ ಫೈಲು ಹಿಡಿದು ಮೆಟ್ಟಿಲ ಮೇಲೆ ಓಡಾಡುವ ನನಗೆ ಎರಡು ಬಾರಿ ಶಹಭಾಸ್‌ಗಿರಿ ಸಿಕ್ಕಿದೆ.

ಇಲಿಯಾಸನಿಗೆ ಎಲ್ಲವನ್ನೂ ಹೇಳಿದೆ. ಮುಂದಿನ ಪಂದ್ಯದಲ್ಲಿ ದಾಸಣ್ಣ ಬಿದ್ದಾಗ ತಟ್ಟಬಾರದು, ಏನೂ ಆಗದಿದ್ದಾಗ ತಟ್ಟಬೇಕು ಎಂದು ಗೊತ್ತುಮಾಡಿಕೊಂಡೆವು. ಹೇಳಿದಷ್ಟು ಸುಲಭವಲ್ಲ ಅದು. ಏನೂ ಆಗದಿರುವುದನ್ನು ಕಾಣಲು ಕಣ್ಣು ಪಳಗಬೇಕು. ಕೊನೆಗೊಮ್ಮೆ ಅವನು ಹಳೆಯ ಹಾಗೆ ಎರಡು ಹೆಜ್ಜೆ ಸರಿದ. ಬಂದವನು ಚೆಂಡನ್ನು ಹಿಂದಕ್ಕೆ ಕೊಟ್ಟ. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಸುತ್ತಲಿನವರು ಇವರಿಗೇನಾಯಿತು ಎಂದು ನೋಡಿದರು. ದಾಸಣ್ಣನೂ ತಿರುಗಿ ನೋಡಿದ. ಆಮೇಲೆ ಅವನು ಜಾರಿ ಬಿದ್ದು ಚೆಂಡು ಕಸಿದಾಗ ಮೈದಾನ ಅರಚಿತು. ನಾವು ಕೈ ಕಟ್ಟಿ ಕೂತೆವು. ಅವನು ಏಳಲು ತುಸು ಹೊತ್ತು ಹಿಡಿಯಿತು.

ಪಂದ್ಯ ಮುಗಿದ ಮೇಲೆ ಕುಂಟುತ್ತ ಬಂದು ಕೇಳಿದ: "ಏನ್ ಬ್ರದರ್, ಬಿದ್ದಾಗ ಸುಮ್ನಿದ್ರಿ, ಸುಮ್ನೆ ನಿಂತಾಗ ತಟ್ಟಿದ್ರಿ?"

ಇಲಿಯಾಸ್ ಹೇಳಿದ: "ನಿಂತಾಗ ನಮ್ ದಾಸಣ್ಣ ಕಾಣಿಸ್ದ. ಅದಕ್ಕೇ."

ದಾಸಣ್ಣ ಬಗ್ಗಿ, ಚಡ್ಡಿಯ ಮಣ್ಣನ್ನು ಕೊಡವುತ್ತಲೇ ಇದ್ದ. ಆ ಸೀಸನ್ ಮುಗಿಯುವ ಮೊದಲೇ ಆಡುವುದನ್ನು ಬಿಟ್ಟ. ಮಂಡಿ ಉಳಿಯಿತು.

ಆಮೇಲೆ ಗೋಲಿನ ಹಿಂದೆ ನಾವು ಮೂವರಾದೆವು. ಹಾಫ್‌ಟೈಮಿನಲ್ಲಿ ಮೈದಾನ ಸುತ್ತುವಾಗ ಇಸ್ತ್ರಿ ಮಾಡಿದ ಪ್ಯಾಂಟಿನ ದಾಸಣ್ಣ ನಮಗಿಂತ ಮುಂದಿರುತ್ತಿದ್ದ. ಒಂದು ಸಂಜೆ ಎದುರಾಳಿಯೊಬ್ಬ ಜೋರಾಗಿ ನುಗ್ಗಿ ಬಂದ. ನಮ್ಮ ಹೊಸ ಸ್ಟಾಪರ್ ಎರಡೇ ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಚೆಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ನಾನು ಕಡಲೆಕಾಯಿ ಸುಲಿಯುತ್ತಿದ್ದೆ, ಇಲಿಯಾಸ್ ಯಾರೊಂದಿಗೋ ಮಾತಾಡುತ್ತಿದ್ದ. ಇಡೀ ಮೈದಾನದಲ್ಲಿ ದಾಸಣ್ಣ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದ.