ಸಿಸ್ಟರ್ ರೋಸಮ್ಮ ಕಲಿತ ಕನ್ನಡ

ನಮ್ಮ ಊರಿನ ಮನೆಗಳೊಳಗೆ ಇಂಗ್ಲಿಷು ಇನ್ನೂ ಕಾಲಿಡದಿದ್ದ ದಿನಗಳವು. ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ಹೋಗುವ ಬಸ್ಸಿನ ದಾರಿಯಲ್ಲಿ, ರಾಗಿ ಹೊಲಗಳ ನಡುವೆ, ಹೆಂಚು ಹೊದಿಸಿದ ಉದ್ದನೆಯ ಕಟ್ಟಡವೊಂದು ಎದ್ದಿತ್ತು. ಅದರ ನೆತ್ತಿಯ ಮೇಲೊಂದು ಶಿಲುಬೆ. ಸುತ್ತಲಿನ ಹಳ್ಳಿಗಳವರೆಲ್ಲ ಅದನ್ನು 'ಕಾನ್ವೆಂಟು' ಎಂದಷ್ಟೇ ಕರೆಯುತ್ತಿದ್ದರು. ಶ್ರೀರಂಗಪಟ್ಟಣದ ನೆಂಟರ ಮನೆಯಲ್ಲಿ ನನ್ನ ವಾರಿಗೆಯ ಮಕ್ಕಳು ಇಂಗ್ಲಿಷ್ ಪದ್ಯ ಹೇಳಿದ್ದನ್ನು ಕೇಳಿಕೊಂಡು ಬಂದ ಅಪ್ಪ, ಆ ವಾರವೇ ನನ್ನನ್ನು ಅಲ್ಲಿಗೆ ಸೇರಿಸಿದ.

ಅಜ್ಜಿಗೆ ಮಾತ್ರ ಅದು ಸರಿಬರಲಿಲ್ಲ. "ಮದ್ವೆ ಇಲ್ದ ಎಣ್ಮಕ್ಳ ಕೈಗೆ ಮಗೀನ ಕೊಟ್ಬುಟ್ಟೆಯಲ್ಲಾ, ಅವ್ರಿಗೇನ್ಲಾ ಗೊತ್ತು ಮಕ್ಳ ಸಂಕ್ಟ?" ಎಂದು ಅಪ್ಪನನ್ನು ಜಗಲಿಯಲ್ಲಿ ಕೂತು ಬೈದಿತ್ತು.

ಕರಿ ಬೂಟು ಸವೆಯದಿರಲೆಂದು ನಾವು ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದು, ಗೇಟಿನ ಹತ್ತಿರ ಹಾಕಿಕೊಳ್ಳುತ್ತಿದ್ದೆವು. ಒಳಗೆ ಹೋದರೆ ಫಿನಾಯಿಲು, ಮೇಣದ ಬತ್ತಿ, ಸಿಸ್ಟರುಗಳ ಅಡುಗೆಮನೆಯ ಕೊಬ್ಬರಿ ಎಣ್ಣೆ, ಎಲ್ಲ ಬೆರೆತ ವಾಸನೆ. ಈಗಲೂ ಆಸ್ಪತ್ರೆಯ ಒರೆಸಿದ ನೆಲದ ಮೇಲೆ ನಡೆಯುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕೇರಳದಿಂದ ಸಿಸ್ಟರ್ ರೋಸಮ್ಮ ಬಂದರು. ಸಣ್ಣ ವಯಸ್ಸು, ಕುಳ್ಳಗಿನ ಆಳು, ಕೆನ್ನೆಯಲ್ಲಿ ಗುಳಿ. ಕನ್ನಡ ಒಂದಕ್ಷರ ಬಾರದು. ಮಕ್ಕಳ ಜೊತೆ ಇಂಗ್ಲಿಷೇ ಆಡಬೇಕು, ಕನ್ನಡ ಕಲಿಯುವ ಅಗತ್ಯವಿಲ್ಲ ಎಂದು ಶಾಲೆಯ ಮುಖ್ಯಸ್ಥೆಯಾದ ದೊಡ್ಡ ಸಿಸ್ಟರ್ ಅವರಿಗೆ ಹೇಳಿದ್ದರಂತೆ. ಆದರೆ ಅವರು ಹೇಳುವುದು ನಮಗೆ ತಿಳಿಯದೆ, ನಾವು ಹೇಳುವುದು ಅವರಿಗೆ ತಿಳಿಯದೆ, ಮೊದಲ ವಾರವೆಲ್ಲ ಎರಡೂ ಕಡೆಯವರು ಕಣ್ಣು ಕಣ್ಣು ಬಿಡುವುದೇ ಆಯಿತು. ಕೊನೆಗೆ ಒಂದು ಮಧ್ಯಾಹ್ನ ಅವರು ಹೊಂಗೆ ಮರದ ಕೆಳಗೆ ನಮ್ಮನ್ನು ಸುತ್ತ ಕೂರಿಸಿಕೊಂಡು, ತಮ್ಮ ಮೂಗು ಮುಟ್ಟಿ "ನೋಸ್" ಎಂದರು. ಆಮೇಲೆ ನಮ್ಮ ಕಡೆ ಕೈ ಚಾಚಿ ಸುಮ್ಮನೆ ಕಾದರು.

ಅದು ಕೊಡು ಕೊಳ್ಳುವ ವ್ಯವಹಾರ ಎಂಬುದು ಮೊದಲು ಹೊಳೆದದ್ದು ಬೋರೇಶನಿಗೆ. ಕುರಿ ಸಾಕುವವರ ಮನೆಯ ಹುಡುಗ ಅವನು, ಮಾತಿನಲ್ಲಿ ಭಲೇ ಚುರುಕು. "ಮೂಗು ಕಣ್ ಸಿಸ್ಟ್ರೇ!" ಎಂದು ಕೂಗಿದ. ಸಿಸ್ಟರ್ ಗಂಭೀರವಾಗಿ "ಮೂಗು ಕಣ್" ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಅಲ್ಲಿಂದ ಮುಂದೆ ದಿನಾ ಊಟದ ಬಿಡುವಿನಲ್ಲಿ ಅದೇ ಆಟ. ಅವರು ಒಂದು ಮಾತು ಕೊಡುವುದು, ನಾವು ಒಂದು ಮಾತು ಕೊಡುವುದು. ಬಿಳಿ ಸೀರೆಯ ನೆರಿಗೆ ಎತ್ತಿ ಹಿಡಿದು ನಮ್ಮ ಜೊತೆ ಕುಂಟೆಬಿಲ್ಲೆ ಆಡುವಾಗ ಕಲಿತದ್ದೇ ಅವರಿಗೆ ಹೆಚ್ಚು. ಗೆರೆ ತುಳಿದರೆ "ಓಯ್ತು, ಓಯ್ತು, ನಿಂದ್ ಓಯ್ತು!" ಎಂದು ಕುಣಿಯುತ್ತಿದ್ದರು. ದಸರೆ ರಜೆ ಮುಗಿಯುವ ಹೊತ್ತಿಗೆ ಅವರ ಕನ್ನಡ ನಮ್ಮ ಕನ್ನಡವೇ ಆಗಿಹೋಗಿತ್ತು. ಹೋಂವರ್ಕ್ ಮಾಡದವನಿಗೆ, "ಯಾಕ್ಲಾ ಬರ್ದಿಲ್ಲ? ಕುರಿ ತಿಂದ್ಬುಡ್ತಾ?" ಎಂದು ಕೇಳುತ್ತಿದ್ದರು. ಗಂಡು ಹುಡುಗರಿಗೆ ಮಾತ್ರ ಅನ್ನುವ 'ಲಾ'ವನ್ನು ಹುಡುಗಿಯರಿಗೂ ಅನ್ನುತ್ತಿದ್ದರು. ನಮಗೆ ಅದನ್ನು ತಿದ್ದುವ ಮನಸ್ಸೇ ಬರಲಿಲ್ಲ, ಅಷ್ಟು ಮುದ್ದಾಗಿ ಕೇಳುತ್ತಿತ್ತು.

ಮಂಜು ಬೀಳತೊಡಗಿ ಅವರೆಕಾಯಿಗೆ ಸೊಗಡು ಏರಿದ ಕಾಲ. ಒಂದು ದಿನ ಕ್ಲಾಸಿನಲ್ಲೇ ನನಗೆ ಜ್ವರ ಬಂತು. ಸಿಸ್ಟರ್ ರೋಸಮ್ಮ ನನ್ನ ಕೈ ಹಿಡಿದುಕೊಂಡು ಊರಿನ ತನಕ ನಡೆಸಿಕೊಂಡು ಬಂದರು. ಅಜ್ಜಿ ಜಗಲಿಯಲ್ಲಿ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಸುಲಿಯುತ್ತಾ ಕೂತಿತ್ತು. ಬಿಳಿ ಸೀರೆ ಕಂಡದ್ದೇ ಅದರ ಮುಖ ಬಿಗಿಯಿತು.

"ಮಗೀಗೆ ಜ್ವರ ಬಂದ್ಬುಟ್ಟದೆ ಕಣಜ್ಜಿ. ಒಸಿ ಬಿಸ್ನೀರು ಕೊಡಿ" ಎಂದರು ಸಿಸ್ಟರ್.

ಅಜ್ಜಿಯ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. "ಅಯ್ಯೋ ನಿನ್ ಮನೆ ಕಾಯೋಗ, ನಮ್ ಮಾತೇ ಆಡ್ತೀಯಲ್ಲವ್ವ! ಯಾವೂರು ನಿಂದು?"

ನನಗೆ ಕಷಾಯ ಕುಡಿಸಿ ಮಲಗಿಸಿದರು. ಕಂಬಳಿಯೊಳಗಿಂದ ನಾನು ಜಗಲಿಯ ಮಾತನ್ನೆಲ್ಲ ಕೇಳುತ್ತಿದ್ದೆ. ಸಿಸ್ಟರ್ ಅಜ್ಜಿಯ ಪಕ್ಕದಲ್ಲೇ ಕೂತು ಕಾಯಿ ಸುಲಿಯತೊಡಗಿದ್ದರು.

"ನಿಂಗೆ ಮದ್ವೆ ಮಾಡ್ಕಬೇಕು ಅನ್ನುಸ್ನಿಲ್ವಾ?" ಅಜ್ಜಿ ನೇರವಾಗಿ ಕೇಳಿಬಿಟ್ಟಿತು.

"ಇಲ್ಲ ಕಣಜ್ಜಿ."

"ನಿಮ್ಮವ್ವ ಬೈಲಿಲ್ವಾ?"

"ಬೈದ್ರು. ಅತ್ರು. ಆಮೇಕೆ ಬುಟ್ರು."

ಅಜ್ಜಿ ಮೊರ ಒಮ್ಮೆ ಕೊಡವಿದ ಸದ್ದು ಕೇಳಿತು. ಆಮೇಲೆ, "ಅವ್ವ ಬುಟ್ಟಿರಾಕಿಲ್ಲ ಕಣವ್ವ, ನಿನ್ ಮುಂದೆ ಅಳೋದ ಬುಟ್ಟವ್ಳೆ ಅಷ್ಟೇಯ" ಎಂದಿತು. ಕಾಯಿ ಬಿಡಿಸುವ ಚಟಚಟ ಸದ್ದು ಮಾತ್ರ ಕೇಳುತ್ತಿತ್ತು.

ಆ ದಿನ ಅವರು ನಮ್ಮನೆಯಲ್ಲೇ ಮುದ್ದೆ, ಹಿತಕಿದ ಬೇಳೆ ಸಾರು ಉಂಡರು. "ಅಗೀಬ್ಯಾಡ, ನುಂಗು, ನುಂಗು" ಎಂದು ಅಜ್ಜಿ ಪಕ್ಕದಲ್ಲಿ ಕೂತು ಹೇಳಿಕೊಟ್ಟಿತು. ಅದಾದ ಮೇಲೆ ಭಾನುವಾರದ ಪೂಜೆ ಮುಗಿಸಿ ಸಂಜೆ ಹೊತ್ತು ಅವರು ನಮ್ಮ ಮನೆಗೆ ಬರುವುದು ರೂಢಿಯಾಯಿತು. ಅಜ್ಜಿ ಅವರನ್ನು 'ರೋಜಮ್ಮ' ಎನ್ನುತ್ತಿತ್ತು. ಬರುವುದು ತಡವಾದರೆ ಬೀದಿಯ ತುದಿಯನ್ನೇ ನೋಡುತ್ತಾ ಕೂತಿರುತ್ತಿತ್ತು.

ಕ್ರಿಸ್‌ಮಸ್ ರಜೆಗೆ ಮೊದಲು ಶಾಲೆಯ ವಾರ್ಷಿಕೋತ್ಸವ. ಕನ್ನಡದ ಮೇಷ್ಟ್ರು ಸರ್ಕಾರಿ ಕೆಲಸ ಸಿಕ್ಕಿ ಹೋಗಿದ್ದರಿಂದ, ಹಳ್ಳಿಯ ತಂದೆ ತಾಯಿಗಳನ್ನು ಕನ್ನಡದಲ್ಲಿ ಸ್ವಾಗತಿಸುವ ಕೆಲಸ ಸಿಸ್ಟರ್ ರೋಸಮ್ಮನ ಪಾಲಿಗೆ ಬಂತು. ದೊಡ್ಡ ಸಿಸ್ಟರಿಗೆ ಕನ್ನಡ ಬರುತ್ತಿರಲಿಲ್ಲ. ರೋಸಮ್ಮ ಚೆನ್ನಾಗಿ ಕಲಿತಿದ್ದಾರೆ ಎಂದಷ್ಟೇ ಅವರಿಗೆ ಗೊತ್ತು.

ಅಂದು ಶಾಮಿಯಾನದ ಮುಂದಿನ ಕುರ್ಚಿಗಳಲ್ಲಿ ಪೇಟೆಯ ಜನ, ಹಿಂದೆ ಜಮಖಾನದ ಮೇಲೆ ನಮ್ಮ ಹಳ್ಳಿಗಳವರು. ಅಜ್ಜಿ ಪೆಟ್ಟಿಗೆಯಲ್ಲಿದ್ದ ಸೀರೆ ತೆಗೆದು ಉಟ್ಟು ಬಂದಿತ್ತು. ಯೇಸು ಹುಟ್ಟಿದ ಕಥೆಯ ನಾಟಕಕ್ಕೆಂದು ಬೋರೇಶ ಕುರುಬನ ವೇಷದಲ್ಲಿ ನಿಜವಾದ ಕುರಿಮರಿಯನ್ನೇ ಹೆಗಲ ಮೇಲೆ ಹೊತ್ತು ತಂದಿದ್ದ. ಅದು ವೇದಿಕೆಯ ಪಕ್ಕದಲ್ಲಿ ಬ್ಯಾ ಬ್ಯಾ ಎನ್ನುತ್ತಿತ್ತು.

ಸಿಸ್ಟರ್ ರೋಸಮ್ಮ ಮೈಕಿನ ಮುಂದೆ ನಿಂತರು. "ಅವ್ವದೀರಾ, ಅಪ್ಪದೀರಾ, ಅಜ್ಜೀರಾ, ಎಲ್ರೂ ಚೆಂದಾಗಿದ್ದೀರಾ? ಗೇಮೆ ಬುಟ್ಟು ಬಂದ್ಬುಟ್ಟಿದ್ದೀರಿ, ಬಾಳ ಸಂತೋಸ. ನಿಮ್ ಐಕ್ಳು ಒಸಿ ಕೀಟ್ಲೆ ಮಾಡ್ತವೆ, ಆದ್ರೆ ಬಾಳ ಒಳ್ಳೇವು. ನಂಗೆ ಮಾತು ಕಲ್ಸಿದ್ದೇ ಅವು!"

ಹಿಂದಿನ ಜಮಖಾನ ಹೋ ಎಂದು ಎದ್ದಿತು. ಚಪ್ಪಾಳೆ, ಸಿಳ್ಳೆ. ನಮ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ ಅಳುತ್ತಿದ್ದಳು. "ನಮ್ ರೋಜಮ್ಮ, ನಮ್ ರೋಜಮ್ಮ" ಎಂದು ಅಜ್ಜಿ ಅಕ್ಕಪಕ್ಕದವರಿಗೆಲ್ಲ ಹೇಳುತ್ತಿತ್ತು. ಆ ಶಾಲೆಯ ಗೇಟಿನೊಳಗೆ ಅಷ್ಟು ಧೈರ್ಯವಾಗಿ ನಮ್ಮ ಜನ ನಕ್ಕದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಆಮೇಲೆ ಮುಖ್ಯ ಅತಿಥಿಗಳು ಎದ್ದರು. ಪೇಟೆಯಿಂದ ಬಂದಿದ್ದ, ಕನ್ನಡ ಚೆನ್ನಾಗಿ ಓದಿಕೊಂಡಿದ್ದ ದೊಡ್ಡ ಮನುಷ್ಯರು. "ಸಿಸ್ಟರ್ ಅವರ ಭಾಷಣ ಕೇಳಿ, ನಾನು ಶಾಲೆಗೆ ಬಂದಿದ್ದೇನೋ ಕಳೆ ಕೀಳುವ ಹೆಂಗಸರ ನಡುವೆ ಬಂದಿದ್ದೇನೋ ಎಂದು ಅನುಮಾನವಾಯಿತು" ಎಂದರು. ಮುಂದಿನ ಕುರ್ಚಿಗಳು ನಕ್ಕವು. "ಮಕ್ಕಳನ್ನು ನಾವು ತಿದ್ದಬೇಕು. ಇಲ್ಲಿ ಮಕ್ಕಳೇ ಟೀಚರನ್ನು ಕೆಡಿಸಿದ್ದಾರೆ." ಮತ್ತೆ ನಗು.

ಹಿಂದೆ ಯಾರೂ ನಗಲಿಲ್ಲ. ಕಳೆ ಕೀಳುವ ಹೆಂಗಸರು ಅಲ್ಲೇ ಕೂತಿದ್ದರು. ಅಜ್ಜಿ ನನ್ನ ಕಿವಿಯ ಹತ್ತಿರ ಬಂದು, "ಯಾಕವ್ವ ಅಂಗ್ ನಗ್ತಾವ್ರೆ? ರೋಜಮ್ಮ ಏನ್ ತಪ್ಪಾಡುದ್ಲು?" ಎಂದಿತು. ವೇದಿಕೆಯ ಮೇಲೆ ಸಿಸ್ಟರ್ ಮೊದಲು ತಾವೂ ನಗುತ್ತಿದ್ದರು. ಆಮೇಲೆ, ಪಕ್ಕದವರು ಇಂಗ್ಲಿಷಿನಲ್ಲಿ ತಿಳಿಸಿದ್ದನ್ನು ಕೇಳಿ ಬಿಗಿದುಕೊಂಡ ದೊಡ್ಡ ಸಿಸ್ಟರಿನ ಮುಖ ನೋಡಿದರು. ಕೆನ್ನೆಯ ಗುಳಿ ನಿಧಾನವಾಗಿ ಮುಚ್ಚಿಕೊಂಡಿತು.

ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನೂ ಬೋರೇಶನನ್ನೂ ಹೊಂಗೆ ಮರದ ಹತ್ತಿರ ಕರೆದರು. "ನಾನ್ ಆಡಿದ್ದು ಕೆಟ್ ಮಾತಾ?"

"ಇಲ್ಲ ಸಿಸ್ಟ್ರೇ, ನಮ್ಮವ್ವನೂ ಅಂಗೇಯ ಆಡದು" ಎಂದ ಬೋರೇಶ. ಸಿಸ್ಟರ್ ಅವನ ತಲೆ ಸವರಿ ಒಳಗೆ ಹೋದರು.

ರಜೆ ಮುಗಿಸಿ ಹೋದಾಗ ಕನ್ನಡಕ್ಕೆ ಪೇಟೆಯಿಂದ ಹೊಸ ಪಂಡಿತರು ಬಂದಿದ್ದರು. ಅವರ ಪಾಠದ ಹೊತ್ತಿನಲ್ಲಿ ಸಿಸ್ಟರ್ ರೋಸಮ್ಮನೂ ಕೊನೆಯ ಬೆಂಚಿನಲ್ಲಿ ಕೂತು ಕಲಿಯಬೇಕೆಂದು ದೊಡ್ಡ ಸಿಸ್ಟರಿನ ಅಪ್ಪಣೆ. ಹಕಾರ ನುಂಗಬಾರದು, 'ಬುಡು' ಅಲ್ಲ, 'ಬಿಡು'. ಅವರು ನಮ್ಮ ಜೊತೆಯಲ್ಲೇ ಜೋರಾಗಿ ಹೇಳುತ್ತಿದ್ದರು, ನಮಗಿಂತ ಬೇಗ ಕಲಿತರು. ಮರದ ಕೆಳಗಿನ ಆಟ ಮಾತ್ರ ನಿಂತುಹೋಯಿತು.

ಅವರೆ ಕಾಲ ಮುಗಿಯುತ್ತಾ ಬಂದಾಗ ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದರು. ಜಗಲಿಯ ಮುಂದೆ ನಿಂತು, ಕೈ ಮುಗಿದು, "ನಮಸ್ಕಾರ ಅಜ್ಜಿಯವರೇ. ನೀವು ಹೇಗಿದ್ದೀರಿ?" ಎಂದರು.

ಅಜ್ಜಿ ಅವರನ್ನು ಮೇಲಿನಿಂದ ಕೆಳಗಿನವರೆಗೂ ನೋಡಿತು. "ಯಾಕವ್ವ ರೋಜಮ್ಮ, ನನ್ಮ್ಯಾಲೆ ಮುನಿಸಾ?"

"ಇಲ್ಲ ಅಜ್ಜಿ. ಮುನಿಸಿಲ್ಲ."

"ಮತ್ಯಾಕೆ ಅಮಲ್ದಾರ್ರ ಜೊತೆ ಮಾತಾಡ್ದಂಗೆ ಆಡ್ತೀಯೆ?"

ಸಿಸ್ಟರ್ ಜಗಲಿಯ ಮೇಲೆ ಕೂತು, ಮೊರಕ್ಕೆ ಕೈ ಹಾಕಿ, ತಲೆ ಬಗ್ಗಿಸಿಕೊಂಡು ಸುಲಿಯತೊಡಗಿದರು. ಕಣ್ಣೀರು ಸಿಪ್ಪೆಯ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ಅಜ್ಜಿಯೂ ನೋಡಿತು. ಎದ್ದು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಿತು.

ಬೇಸಿಗೆ ರಜೆಯಲ್ಲಿ ಅವರಿಗೆ ಬೇರೆ ಯಾವುದೋ ಊರಿಗೆ ವರ್ಗವಾಯಿತು. ವರ್ಷ ವರ್ಷ ಸಿಸ್ಟರುಗಳನ್ನು ಬದಲಿಸುವುದು ಅವರಲ್ಲಿ ಮಾಮೂಲಂತೆ. ಆ ಭಾಷಣದಿಂದಲೇ ಹಾಗಾಯಿತೆಂದು ಹೇಳಲಾರೆ. ನಮಗೆ ಗೊತ್ತಾದದ್ದು ಶಾಲೆ ತೆರೆದ ಮೇಲೆಯೇ. ಮುಂದಿನ ಚಳಿಗಾಲದಲ್ಲೂ ಭಾನುವಾರ ಸಂಜೆ ಅಜ್ಜಿ ಜಗಲಿಯಲ್ಲಿ ಬೀದಿಯ ಕಡೆ ಮುಖ ಮಾಡಿ ಕೂರುತ್ತಿತ್ತು. ಕೇಳಿದರೆ, "ಬಿಸ್ಲು ಕಾಯಿಸ್ಕತಾ ಇವ್ನಿ" ಎನ್ನುತ್ತಿತ್ತು.

ನಾನು ಚೆನ್ನಾಗಿ ಓದಿದೆ. ಪಂಡಿತರ ಕನ್ನಡ ನಾಲಿಗೆಗೆ ಹತ್ತಿತು. ಈಗ ಪಾಂಡವಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನನ್ನ ಮಾತು ಕೇಳಿದವರು ಯಾವೂರಿನವಳೆಂದು ಗುರುತು ಹಿಡಿಯಲಾರರು. ನನ್ನ ಮಕ್ಕಳಿಗೆ 'ಐಕ್ಳು' ಎಂದರೆ ನಗು ಬರುತ್ತದೆ. ಅಜ್ಜಿ ಹೋದ ಮೇಲೆ ಆ ಮಾತನ್ನು ನಗದೆ ಆಡುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಶಾಲೆ ಮೂರು ಅಂತಸ್ತಿಗೆ ಬೆಳೆದಿದೆ. ಅಂಗಳಕ್ಕೆ ಸಿಮೆಂಟು ಹಾಕಿದ್ದಾರೆ.

ಹೋದ ವರ್ಷ, ಸಿಸ್ಟರ್ ರೋಸಮ್ಮ ಮೈಸೂರಿನಲ್ಲಿ ವಯಸ್ಸಾದ ಸಿಸ್ಟರುಗಳ ಮನೆಯಲ್ಲಿದ್ದಾರೆಂದು ತಿಳಿದು ನೋಡಲು ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹೇಳಿಕೊಂಡೆ. ಕಣ್ಣರಳಿಸಿ ನನ್ನ ಎರಡೂ ಕೈ ಹಿಡಿದುಕೊಂಡರು. "ಬನ್ನಿ, ಕುಳಿತುಕೊಳ್ಳಿ. ನಿಮ್ಮ ಅಜ್ಜಿಯವರು ಹೇಗಿದ್ದಾರೆ?"

"ಅವರು ತೀರಿಕೊಂಡು ಬಹಳ ವರ್ಷಗಳಾದವು, ಸಿಸ್ಟರ್."

"ಕ್ಷಮಿಸಿ. ನನಗೆ ತಿಳಿದಿರಲಿಲ್ಲ."

ಅಜ್ಜಿಯ ಮಾತಿನಲ್ಲಿ ಏನಾದರೂ ಒಂದು ಹೇಳಬೇಕೆಂದು ಬಾಯಿ ತೆರೆದೆ. ಆಡಿದರೆ ಅಣಕಿಸಿದಂತಾಗುತ್ತದೇನೋ ಅನ್ನಿಸಿ ಸುಮ್ಮನಾದೆ. ಅವರೂ ಏನನ್ನೋ ಹುಡುಕುತ್ತಿದ್ದಂತೆ ನನ್ನ ಮುಖ ನೋಡಿದರು. ಆಮೇಲೆ ಆರೋಗ್ಯ, ಮಕ್ಕಳ ಓದು, ಮೈಸೂರಿನ ಬಿಸಿಲು ಎಂದು ಇಬ್ಬರೂ ಮಾತಾಡಿದೆವು.

ಹೊರಡುವಾಗ ಬಾಗಿಲ ತನಕ ಬಂದು, "ಹೋಗಿ ಬನ್ನಿ" ಎಂದರು. "ಬರುತ್ತೇನೆ, ಸಿಸ್ಟರ್" ಎಂದೆ. ಇಬ್ಬರ ಕನ್ನಡದಲ್ಲೂ ಒಂದೇ ಒಂದು ತಪ್ಪಿರಲಿಲ್ಲ.