ಮೇಷ್ಟ್ರ ಎಡೆಗೆ ಕಳಲೆ

ನಮ್ಮಜ್ಜ ಪರಮಶಿವಪ್ಪ ಮೇಷ್ಟ್ರು ತೀರಿಕೊಂಡಾಗ ನಾನು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದೆ. ಶಿವಗಣಾರಾಧನೆಯ ದಿನಕ್ಕೆ ಶಿಕಾರಿಪುರಕ್ಕೆ ಬಂದೆ. ಎಪ್ಪತ್ತು ದಾಟಿ ಬಾಳಿದ ಜೀವ. ಅಳುವವರು ಅತ್ತು ಮುಗಿಸಿದ್ದರು. ಉಳಿದದ್ದು ಎಡೆ ಇಡುವ ಕೆಲಸ. ಹೋದವರಿಗೆ ಏನು ಇಷ್ಟವೋ ಅದನ್ನೇ ಅಡಿಗೆ ಮಾಡಿ, ಅವರ ಹೆಸರಿನ ಎಲೆಗೆ ಬಡಿಸಬೇಕು. ತಪ್ಪಿದರೆ ಅವರು ಅರೆಹೊಟ್ಟೆಯಲ್ಲೇ ಏಳುತ್ತಾರೆ ಎಂದು ನಮ್ಮಜ್ಜಿ ವೀರಮ್ಮ ನಂಬಿದ್ದಳು.

ಅಜ್ಜನಿಗೆ ಇಷ್ಟವಾದದ್ದು ಯಾವುದೆಂದು ಅವಳಿಗೆ ಅನುಮಾನವೇ ಇರಲಿಲ್ಲ. ಅನ್ನ, ಹೀರೇಕಾಯಿ ಪಲ್ಯ, ಉಪ್ಪು ಕಡಿಮೆ ಹಾಕಿದ ಬೇಳೆಸಾರು. ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಅಜ್ಜ ಮುಟ್ಟಿದ್ದನ್ನು ನಾವು ಯಾರೂ ಕಂಡಿಲ್ಲ. ಎರಡನೆಯ ಸಲ ಬಡಿಸಲು ಹೋದರೆ ಎಲೆಯ ಮೇಲೆ ಕೈ ಅಡ್ಡ ಬರುತ್ತಿತ್ತು. ಅವರಿಗೆ ಸಪ್ಪೆ ಹಿಡಿಸುತ್ತದೆಂದು ಮನೆಮಂದಿಯೆಲ್ಲ ಸಪ್ಪೆ ಉಂಡೇ ಬೆಳೆದೆವು.

ಅಜ್ಜಿಯ ತವರು ಚಂದ್ರಗುತ್ತಿ. ಮದುವೆಯಾದ ಹೊಸದರಲ್ಲಿ ಒಮ್ಮೆ ಕಳಲೆ ಪಲ್ಯ ಮಾಡಿದ್ದಳಂತೆ. ಎಳೆಬಿದಿರಿನ ಆ ವಾಸನೆಗೆ ಅವಳ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋದರು. ಅಜ್ಜ ತಲೆಯೆತ್ತದೆ ಉಂಡು ಎದ್ದರು. ಅಜ್ಜಿ ಮತ್ತೆ ಕಳಲೆ ಮಾಡಲಿಲ್ಲ.

ಆಮೇಲೆ ಅಜ್ಜನಿಗೆ ಕುಬಟೂರಿನ ಶಾಲೆಗೆ ವರ್ಗವಾಯಿತು. ಅತ್ತೆಯನ್ನೂ ಹೊಲವನ್ನೂ ಬಿಟ್ಟು ಅಜ್ಜಿ ಹೋಗುವಂತಿರಲಿಲ್ಲ. ಅಜ್ಜ ಒಬ್ಬರೇ ಅಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಹುಣಿಸೆಬೀಜ ಹರಡಿ ಲೆಕ್ಕ ಹೇಳಿಕೊಡುತ್ತಿದ್ದರಂತೆ. ಹಕ್ಕಿಗಳು ಬರುವ ಕಾಲಕ್ಕೆ ಮಕ್ಕಳನ್ನು ಗಾಡಿಯಲ್ಲಿ ತುಂಬಿಕೊಂಡು ಗುಡವಿಯ ಕೆರೆ ತೋರಿಸಲು ಹೋಗುತ್ತಿದ್ದರಂತೆ. ತಿಂಗಳಿಗೊಮ್ಮೆ ಊರಿಗೆ ಬಂದಾಗ ಅಜ್ಜಿ ಅಕ್ಕಿಯ ಚೀಲ ಕಟ್ಟಿ ಕಳಿಸುತ್ತಿದ್ದಳು, ಕೈಯಡಿಗೆಗೆಂದು. ಚೀಲ ಪ್ರತಿಸಲವೂ ತಳದಲ್ಲಿ ಅಕ್ಕಿ ಉಳಿಸಿಕೊಂಡೇ ವಾಪಸು ಬರುತ್ತಿತ್ತು. ಅಡಿಗೆ ಮಾಡಿಕೊಳ್ಳಲು ಬೇಸರಪಟ್ಟು ಉಪವಾಸ ಬೀಳುತ್ತಾರೆ ಎಂದು ಅಜ್ಜಿ ಕೊರಗುತ್ತಿದ್ದಳು. ಮುಂದಿನ ಸಲ ಇನ್ನಷ್ಟು ತುಂಬುತ್ತಿದ್ದಳು.

ಆ ದಿನ ಎಲೆ ಹಾಸುವ ಹೊತ್ತಿಗೆ ಕುಬಟೂರಿನಿಂದ ಒಬ್ಬ ಮುದುಕಿ ಬಂದಳು. ಹೆಸರು ಹೂವಮ್ಮ. ಅವಳ ಮಗ ಹುಲಿಯಪ್ಪ ಅಜ್ಜನ ಹತ್ತಿರ ಓದಿ ಈಗ ತಾನೂ ಮೇಷ್ಟ್ರಾಗಿದ್ದ. ಅವರು ನಮ್ಮ ಜನವಲ್ಲ. ಅದನ್ನು ತಿಳಿದೇ ಹೂವಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತು, ಮಡಿಲಿನಿಂದ ಬಟ್ಟೆ ಕಟ್ಟಿದ ಗಡಿಗೆಯೊಂದನ್ನು ಇಳಿಸಿದಳು. ಬಟ್ಟೆ ಬಿಚ್ಚುವ ಮೊದಲೇ ವಾಸನೆ ಒಳಮನೆಗೆ ಬಂತು. ಉಪ್ಪಿನಲ್ಲಿಟ್ಟ ಕಳಲೆಯ ಪಲ್ಯ. ಮೇಷ್ಟ್ರ ಎಡೆಗೆ ಎಂದಳು.

ಅಜ್ಜನ ತಮ್ಮ ಮಹೇಶ್ವರಪ್ಪಜ್ಜ ಬಾಗಿಲಿಗೆ ಅಡ್ಡ ನಿಂತರು.

“ಅಣ್ಣ ಹೊರಗಿನೋರ ಮನ್ಯಾಗ ನೀರು ಸೈತ ಮುಟ್ಟಿದೋರಲ್ಲ. ಈಯಮ್ಮ ಯಾರ್ನೋ ನೆನೆಸ್ಕಂಡು ಯಾರ ಮನೀಗೋ ಬಂದಾಳ.”

ಹೂವಮ್ಮ ಸಿಟ್ಟಾಗಲಿಲ್ಲ. “ಇಲ್ಲಿ ಮೇಷ್ಟ್ರು ಬ್ಯಾರೆ ಥರ ಇದ್ರೇನೋ, ನಂಗೊತ್ತಿಲ್ಲ. ನಮ್ಮನೇಲಂತೂ ಕಳಲೆ ಇಲ್ಲ ಅಂದ್ರೆ ಮುನಿಸ್ಕಂತಿದ್ರು.”

ನನಗೆ ಗೊಂದಲವಾಯಿತು. ಮುನಿಸಿಕೊಳ್ಳುವ ಅಜ್ಜನನ್ನು ನಾನು ನೋಡಿಯೇ ಇರಲಿಲ್ಲ. ಊಟಕ್ಕೆ ಮುನಿಯಲು ಅಲ್ಲೊಂದು ಸಲಿಗೆ ಇರಬೇಕಲ್ಲ. ಈ ಮುದುಕಿ ಸುಳ್ಳು ಹೇಳುವವಳಂತೆ ಕಾಣಲಿಲ್ಲ. ನಮ್ಮ ಮನೆಯ ಅಜ್ಜನೂ ಸುಳ್ಳಲ್ಲ. ಮಹೇಶ್ವರಪ್ಪಜ್ಜನನ್ನು ನಂಬಲೋ ಹೂವಮ್ಮನನ್ನು ನಂಬಲೋ ತಿಳಿಯದೆ ಅಜ್ಜಿಯ ಮುಖ ನೋಡಿದೆ.

ಅಜ್ಜಿ ಸೌಟು ಹಿಡಿದುಕೊಂಡೇ ಜಗಲಿಗೆ ಬಂದಿದ್ದಳು. ಹೂವಮ್ಮನನ್ನು ಒಂದೇ ಮಾತು ಕೇಳಿದಳು.

“ಎಲ್ಡನೇ ಸಲ ನೀಡಿಸ್ಕಂತಿದ್ರಾ?”

“ಅಯ್ಯ, ಕೇಳೋದೇನ್ ಬಂತ್ರಮ್ಮ. ಗಡಿಗೇನೇ ಹತ್ರ ಎಳ್ಕಂತಿದ್ರು.”

ಅಜ್ಜಿ ಕಂಬಕ್ಕೆ ಒರಗಿದಳು. “ಹಂಗಾರೆ ಅಕ್ಕಿ ಅದಕ್ಕೇ ಉಳೀತಿತ್ತು,” ಎಂದಳು, ಯಾರಿಗೂ ಅಲ್ಲದಂತೆ.

ಅಜ್ಜ ಅಲ್ಲಿ ಹಸಿದಿರಲಿಲ್ಲ ಎಂಬ ಸಮಾಧಾನವೋ, ತನ್ನ ಮನೆಯಲ್ಲೇ ಹಸಿದಿದ್ದರು ಎಂಬ ಸಂಕಟವೋ, ಆ ಮುಖದಲ್ಲಿ ನನಗೆ ಬಿಡಿಸಿ ನೋಡಲಾಗಲಿಲ್ಲ. ಅವಳಿಗೂ ತಿಳಿದಿತ್ತೋ ಇಲ್ಲವೋ. ಅತ್ತೆಗೆ ಹೆದರಿ ಅವಳು ಕಳಲೆ ಬಿಟ್ಟಳು. ಜನಕ್ಕೆ ಹೆದರಿ ಅವರು ಬಾಯಿ ಬಿಡಲಿಲ್ಲ ಎನ್ನೋಣವೆಂದರೆ, ಕಟ್ಟಿಕೊಂಡ ಹೆಂಡತಿಯೊಡನೆ, ಅದೂ ಕಳಲೆಯ ಸೀಮೆಯವಳೊಡನೆ, ತಾಯಿ ಸತ್ತ ಮೇಲಾದರೂ ಒಂದು ಮಾತು ಹೇಳಬಹುದಿತ್ತು. ಪಾಠ ಹೇಳಿಯೇ ಬದುಕಿದ ಮನುಷ್ಯ.

ಅಜ್ಜಿ ಬಗ್ಗಿ ಗಡಿಗೆ ಎತ್ತಿಕೊಂಡಳು. ಮಹೇಶ್ವರಪ್ಪಜ್ಜ ಅತ್ತಿಗೆ ಎಂದರು. ಅವಳು ನಿಲ್ಲಲಿಲ್ಲ. ಅವರೇ ಪಕ್ಕಕ್ಕೆ ಸರಿದು, ಚಪ್ಪಲಿ ಮೆಟ್ಟಿ ಬೀದಿಗೆ ಇಳಿದರು.

ಎಡೆಗಿಡುವುದನ್ನು ಮೊದಲು ಯಾರೂ ರುಚಿ ನೋಡಬಾರದು. ಹಾಗೆಂದು ಚಿಕ್ಕಂದಿನಲ್ಲಿ ನನ್ನ ಕೈಗೆ ಹೊಡೆದು ಕಲಿಸಿದವಳು ಅಜ್ಜಿಯೇ. ಈಗ ಅವಳೇ ಎಲೆಯ ಮುಂದೆ ಕೂತು ಕಳಲೆಯ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಮೆಲ್ಲಗೆ ಅಗಿದಳು.

“ಉಪ್ಪು ಮುಂದಾಗೇತಿ,” ಎಂದಳು.

ಆಮೇಲೆ ಎಲೆಯ ನಡುವೆ ಒಂದು ಸೌಟು ಬಡಿಸಿದಳು. ಅಡ್ಡ ಬರುವ ಕೈಗೆ ಕಾದವಳಂತೆ ಸೌಟು ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಳು. ಮತ್ತೆ ಇನ್ನೊಂದು ಸೌಟು ಬಡಿಸಿದಳು.